ಎಪ್ಪತ್ತೆರಡು ಗಂಟಲು

ತೊಂದರೆ ಶುರುವಾದದ್ದು ಕಾಗದದಿಂದ. ಯತಿನನಿಗೆ ಕೆಲಸ ಸಿಕ್ಕಿದ ಸುದ್ದಿ ಫೋನಿನೊಳಗೇ ಬಂದಿತ್ತು, ಬೆಳಿಗ್ಗೆ ಎಂಟಕ್ಕೆ, ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ. ಆದರೆ ಅವನ ತಾಯಿ ಸೀತು ಫೋನಿಗೆ ಕುಂಕುಮ ಹಚ್ಚಲು ಒಪ್ಪಲಿಲ್ಲ.

"ದೇವರ ಎದುರು ಇಡ್ಲಿಕ್ಕೆ ಕಾಗದ ಬೇಕು ಮಗಾ. ಫೋನ್ ಇಟ್ಟು ಕೈ ಮುಗಿಯುವಾಗ ಲೋನ್ ಬೇಕಾ ಅಂತ ಯಾರಾದ್ರೂ ಕಾಲ್ ಮಾಡಿದ್ರೆ?"

ಪೈಲಟ್ ಲೈಸೆನ್ಸ್ ಕೈಗೆ ಬಂದು ಎರಡೂವರೆ ವರ್ಷ ಮನೆಯಲ್ಲೇ ಕೂತಿದ್ದ ಯತಿನನಿಗೆ ವಾದಿಸುವ ಧೈರ್ಯ ಇರಲಿಲ್ಲ. ಪುತ್ತೂರಿನ ದರ್ಬೆಯಲ್ಲಿ ಅವರ ಫ್ಲ್ಯಾಟು ಮೂರನೇ ಮಹಡಿಯಲ್ಲಿತ್ತು. ಅದೇ ಕಟ್ಟಡದ ಕೆಳಗೆ ನವಾಝನ ಜೆರಾಕ್ಸ್ ಅಂಗಡಿ. ನವಾಝ್ ಒಳ್ಳೆಯವನು. ಯಂತ್ರದಿಂದ ಹೊರಬರುವ ಯಾವ ಹಾಳೆಯನ್ನೂ ಪೂರ್ತಿ ಓದದೆ ಗಿರಾಕಿಗೆ ಕೊಡುತ್ತಿರಲಿಲ್ಲ, ಅಷ್ಟೇ.

"ಒಂದು ಲೋಡಿನ ಪ್ಲೇನ್, ಒಂದು ಜನರ ಪ್ಲೇನ್" ಎಂದ ನವಾಝ್, ಎರಡೂ ಹಾಳೆಗಳನ್ನು ಬೆಳಕಿಗೆ ಹಿಡಿದು. "ಎರಡಕ್ಕೂ ಇವತ್ತು ಸಾಯಂಕಾಲ ಐದರ ಒಳಗೆ ಉತ್ತರ ಕೊಡ್ಬೇಕಂತೆ. ಯಾವುದಕ್ಕೆ ಹೋಗುದು ಮಾರಾಯ?"

"ನೋಡ್ಬೇಕು."

"ನೋಡ್ಲಿಕ್ಕೆ ಎಂತ ಉಂಟು? ಲೋಡಿಗೆ ಹೋಗು. ಪಾರ್ಸೆಲ್ ವಾಂತಿ ಮಾಡುದಿಲ್ಲ."

ಯತಿನ್ ಮೆಟ್ಟಿಲು ಹತ್ತಿದ. ಸುದ್ದಿ ಅವನಿಗಿಂತ ಮೊದಲೇ ಹತ್ತಿತ್ತು. ಎರಡನೇ ಮಹಡಿಯ ತಿರುವಿನಲ್ಲಿ ಗೌರೀಶಂಕರ ಮಾಸ್ತರರು ಕುರ್ಚಿ ಹಾಕಿಕೊಂಡೇ ಕಾದಿದ್ದರು. ನಿವೃತ್ತ ಗಣಿತದ ಮಾಸ್ತರರು, ಈಗ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಜಗತ್ತಿನ ಎಲ್ಲ ಸಂಕಟಗಳೂ ಎರಡು ಕಾಲಂ ಹಾಕಿದರೆ ಬಗೆಹರಿಯುತ್ತವೆ ಎಂದು ನಂಬಿದವರು.

"ಕೂತುಕೋ ಯತಿನ. ಕಾರ್ಗೊದಲ್ಲಿ ಎಂತ ಲಾಭ?"

"ಜೆಟ್ ಓಡಿಸ್ಲಿಕ್ಕೆ ಸಿಗ್ತದೆ ಸರ್. ಜೆಟ್ ಅನುಭವ ಇದ್ರೆ ಮುಂದೆ ದೊಡ್ಡ ಕಂಪನಿಗಳು ತಗೊಳ್ತವೆ. ಸಂಬಳವೂ ಜಾಸ್ತಿ. ಆದ್ರೆ ಎಲ್ಲ ರಾತ್ರಿ ಡ್ಯೂಟಿ."

"ಇನ್ನೊಂದು?"

"ಸಣ್ಣ ಸಣ್ಣ ಊರುಗಳ ನಡುವೆ ಹೋಗುದು. ರೆಕ್ಕೆಯಲ್ಲಿ ಫ್ಯಾನ್ ಇರುವ ವಿಮಾನ, ಎಪ್ಪತ್ತೆರಡು ಸೀಟು. ಹಗಲು ಡ್ಯೂಟಿ. ದಿನಕ್ಕೆ ಆರು ಸಲ ಏರುದು, ಆರು ಸಲ ಇಳಿಯುದು. ಬೇಗ ಕ್ಯಾಪ್ಟನ್ ಆಗ್ಬಹುದು."

"ಅಂದ್ರೆ ಒಂದು ಎಕ್ಸ್‌ಪ್ರೆಸ್ ಬಸ್, ಒಂದು ಲೋಕಲ್" ಎಂದು ಸಾರಾಂಶ ಬರೆದ ಮಾಸ್ತರರು, ಅಲ್ಲೇ ಕೂತು ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮತದಾನ ಇಟ್ಟರು. ಅರ್ಧ ಗಂಟೆಯಲ್ಲಿ ಫಲಿತಾಂಶ ಬಂತು. ಕಾರ್ಗೊಗೆ ಹನ್ನೊಂದು, ಲೋಕಲ್‌ಗೆ ಹನ್ನೊಂದು. ಉಳಿದ ಇಬ್ಬರು ನೀರಿನ ಟ್ಯಾಂಕ್ ಯಾವಾಗ ತೊಳೆಯುವುದು ಎಂದು ಕೇಳಿದ್ದರು.

ಯತಿನನ ಮನಸ್ಸಿನಲ್ಲಿ ಮಾತ್ರ ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಜನರ ವಿಮಾನಕ್ಕೇ ಬಿದ್ದಿದ್ದವು. ಕಾರಣವನ್ನು ಅವನು ಯಾರಿಗೂ ಹೇಳುವಂತಿರಲಿಲ್ಲ.

ತರಬೇತಿಯ ಕೊನೆಯ ತಿಂಗಳಲ್ಲಿ, ರಾತ್ರಿ ಒಬ್ಬನೇ ಸಣ್ಣ ವಿಮಾನ ಹಾರಿಸಬೇಕಾದ ಪಾಠವೊಂದಿತ್ತು. ಮೂರನೇ ಸುತ್ತು. ಕೆಳಗೆ ರನ್‌ವೇಯ ದೀಪಗಳು, ಮೇಲೆ ಏನೂ ಇಲ್ಲ. ಆಗ ಹಿಂದಿನ ಖಾಲಿ ಸೀಟಿನಿಂದ ಯಾರೋ ಕೆಮ್ಮಿದರು. ಇಂಜಿನ್ನಿನ ಸದ್ದಲ್ಲ, ಗಾಳಿಯ ಸದ್ದಲ್ಲ; ಬೀಡಿ ಸೇದಿ ಸೇದಿ ಒರಟಾದ ಗಂಟಲಿನ, ಸಾವಕಾಶದ, ಮನೆಯ ಹಿರಿಯರು ಜಗಲಿಗೆ ಬರುವ ಮುನ್ನ ಕೆಮ್ಮುವಂಥ ಕೆಮ್ಮು. ಯತಿನ್ ತಿರುಗಿ ನೋಡದೆ ಇಳಿಸಿದ. ಇಳಿಸಿದ್ದು ಬಹಳ ಚೆನ್ನಾಗಿತ್ತೆಂದು ಗುರುಗಳು ಬೆನ್ನು ತಟ್ಟಿದಾಗ ಅವನು ಒಂದಡಿ ಹಾರಿಬಿದ್ದ.

ಅಂದಿನಿಂದ ಅವನ ಲೆಕ್ಕ ಸರಳವಾಗಿತ್ತು. ಹಿಂದೆ ಜನ ತುಂಬಿದ್ದರೆ, ಯಾರು ಕೆಮ್ಮಿದರೂ ಎಪ್ಪತ್ತೆರಡು ಗಂಟಲುಗಳಲ್ಲಿ ಒಂದು ಅಂದುಕೊಳ್ಳಬಹುದು. ಹಿಂದೆ ಬರೀ ಪೆಟ್ಟಿಗೆಗಳಿದ್ದರೆ ಏನೆಂದುಕೊಳ್ಳುವುದು?

"ನಾನು ಜನರ ಪ್ಲೇನಿಗೆ ಹೋಗ್ತೇನೆ ಅಮ್ಮ" ಎಂದ ಮನೆಗೆ ಬಂದು.

"ಶುಭಕಾರ್ಯ ಮಾಡದ ಈ ಆಟಿ ತಿಂಗಳಲ್ಲಿ ಹೊಸ ಕೆಲಸಕ್ಕೆ ಹೂಂ ಹೇಳ್ಲಿಕ್ಕೆ ಉಂಟಾ? ಕೇಳದೆ ಆಗುದಿಲ್ಲ."

"ಯಾರನ್ನ ಕೇಳುದು? ಅಪ್ಪನನ್ನ ಕೇಳಿದೆ. ಮುಂಬೈಯಿಂದ 'ಅಮ್ಮನನ್ನ ಕೇಳು' ಅಂದ್ರು."

ಸೀತು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ. "ದೈವಗಳೆಲ್ಲ ಆಟಿಯಲ್ಲಿ ಘಟ್ಟ ಹತ್ತಿದ್ದಾವೆ. ಈಗ ಡ್ಯೂಟಿಯಲ್ಲಿ ಇರುದು ಸತ್ತವರು ಮಾತ್ರ. ಹೇಗೂ ಇವತ್ತು ಸೀನಣ್ಣನಿಗೆ ಬಡಿಸುದು ಉಂಟಲ್ಲ, ಅವನನ್ನೇ ಕೇಳುವ. ಅಳಿಯನ ವಿಷಯ ಸೋದರಮಾವ ಅಲ್ಲದೆ ಮತ್ತೆ ಯಾರು ಹೇಳ್ಬೇಕು?"

ಸೀನ ಮಾವ ಯತಿನ್ ಹುಟ್ಟಿದ ವರ್ಷವೇ ಸತ್ತವರು. ಬದುಕಿದ್ದಾಗ ಮಂಗಳೂರಿನಿಂದ ಘಟ್ಟದ ಮೇಲಕ್ಕೆ ರಾತ್ರಿ ಲಾರಿ ಓಡಿಸುತ್ತಿದ್ದವರು. ಮದುವೆಯಾಗಿರಲಿಲ್ಲ. ಪ್ರತಿ ಆಟಿಯಲ್ಲಿ ಒಂದು ಕೋಣೆಯಲ್ಲಿ ಅವರಿಗೆ ಎಲೆ ಹಾಕಿ, ಇಷ್ಟದ್ದೆಲ್ಲ ಬಡಿಸಿ, ಬಾಗಿಲು ಮುಚ್ಚಿ, ಕತ್ತಲು ಮಾಡಿ, ಅವರು ಉಂಡು ಮುಗಿಸುವ ತನಕ ಮನೆಯವರು ಹೊರಗೆ ಕಾಯುವುದು ರೂಢಿ. ಲೋಡಿನ ಗಾಡಿ, ರಾತ್ರಿ ಪಯಣ: ಮಾವ ಯಾವುದನ್ನು ಆರಿಸುತ್ತಾರೆ ಎನ್ನಲು ಮತದಾನ ಬೇಕಿರಲಿಲ್ಲ.

ಮಧ್ಯಾಹ್ನ ಒಂದೂವರೆಗೆ ದೇರಣ್ಣ ಬಂದ. ಹದಿನಾಲ್ಕು ವರ್ಷ ಸೀನ ಮಾವನ ಲಾರಿಯಲ್ಲಿ ಕ್ಲೀನರ್ ಆಗಿದ್ದವನು. ಸೀನನ ಮನಸ್ಸು ಬಲ್ಲ ಸಾಕ್ಷಿಯೊಬ್ಬ ಇರಲಿ ಎಂದು ಸೀತು ಬೆಳಿಗ್ಗೆಯೇ ಫೋನ್ ಮಾಡಿ ಮಂಡೆಕೋಲಿನಿಂದ ಕರೆಸಿದ್ದಳು. ಎರಡು ಬಸ್ಸು ಬದಲಾಯಿಸಿ ಬಂದವನು ನೀರು ಕುಡಿದು, ಯತಿನನನ್ನು ಅಡಿಯಿಂದ ಮುಡಿವರೆಗೆ ನೋಡಿದ.

"ಸೀನನದ್ದೇ ಹೆಗಲು. ನೋಡು, ಬಲಗಡೆ ಸ್ವಲ್ಪ ಇಳಿದಿದೆ. ಕಿಟಕಿಗೆ ಕೈ ಇಟ್ಟು ಓಡಿಸುವವರ ಹೆಗಲು."

"ನಾನು ಲಾರಿ ಓಡಿಸಿಯೇ ಇಲ್ಲ ದೇರಣ್ಣ."

"ಅದೇ ನಾನು ಹೇಳುದು. ಓಡಿಸದೆ ಹೇಗೆ ಇಳಿಯಿತು?"

ಯತಿನ್ ಎಡಗೈಯಿಂದ ಬಲ ಹೆಗಲನ್ನು ಎತ್ತಿ ಹಿಡಿದುಕೊಂಡ.

ಗೌರೀಶಂಕರ ಮಾಸ್ತರರು ಈ ಹೊತ್ತಿಗೆ ಮೇಲೆ ಬಂದಿದ್ದರು. ಅಂಗಡಿಗೆ ಶಟರ್ ಎಳೆದು ನವಾಝನೂ ಬಂದಿದ್ದ. "ಸೀನಣ್ಣ ಹೇಗೆ ಹೋದದ್ದು ದೇರಣ್ಣ?" ಎಂದು ಅವನೇ ಕೇಳಿದ.

"ಹೋದದ್ದಾ? ಶಿರಾಡಿಯಲ್ಲಿ ಲಾರಿ ಬದಿಗೆ ಹಾಕಿದ. ಹ್ಯಾಂಡ್ ಬ್ರೇಕ್ ಎಳೆದ. ಪಾರ್ಕಿಂಗ್ ಲೈಟ್ ಹಾಕಿದ. ಆಮೇಲೆ ಸತ್ತ. ಅಷ್ಟು ಕ್ರಮದ ಮನುಷ್ಯ. ನನಗೆ ಗೊತ್ತಿಲ್ಲ, ಪಕ್ಕದಲ್ಲಿ ಕೂತು ಬೆಳಕಾಗುವ ತನಕ ಮಾತಾಡಿದ್ದೆ."

"ಬೆಳಕಾಗುವ ತನಕ ನಿಮಗೆ ಸಂಶಯ ಬರ್ಲಿಲ್ವಾ?" ಎಂದರು ಮಾಸ್ತರರು.

"ಸಂಶಯ ಎಂತಕ್ಕೆ ಮಾರಾಯ್ರೆ?" ದೇರಣ್ಣ ನಿಧಾನವಾಗಿ ಹೇಳಿದ. "ಅವ ಉತ್ತರ ಕೊಡ್ತಾ ಇದ್ದ."

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದಾಗ ನಾಲ್ವರೂ ಒಟ್ಟಿಗೆ ಬೆಚ್ಚಿದರು.

ಮೂರೂವರೆಗೆ ಮಲಗುವ ಕೋಣೆ ಸಿದ್ಧವಾಯಿತು. ಕಿಟಕಿಗೆ ಎರಡು ಕಂಬಳಿ. ನೆಲದ ಮೇಲೆ ಈ ಸಲ ಒಂದಲ್ಲ, ಎರಡು ಬಾಳೆಲೆ. ಎರಡರಲ್ಲೂ ಒಂದೇ ಸಮ ನೀರುದೋಸೆ, ಕೋಳಿಸುಕ್ಕ, ಒಂದೊಂದು ಗ್ಲಾಸು ಬ್ರಾಂದಿ, ಒಂದೊಂದು ಬೀಡಿ. ಬಾಗಿಲ ಬದಿಯ ಎಲೆಯ ತುದಿಗೆ ಕಾರ್ಗೊ ಪತ್ರ, ಕಿಟಕಿ ಬದಿಯದಕ್ಕೆ ಜನರ ಪ್ಲೇನಿನ ಪತ್ರ. ಎರಡಕ್ಕೂ ಕುಂಕುಮ. ಯಾವ ಎಲೆಯಲ್ಲಿ ತಿಂದ ಗುರುತು ಕಾಣುತ್ತದೋ ಅದೇ ತೀರ್ಮಾನ.

"ತುಂಡುಗಳ ಸಂಖ್ಯೆ ಬರೆದಿಟ್ಟಿದ್ದೇನೆ" ಎಂದರು ಮಾಸ್ತರರು. "ತಲಾ ಐದು."

ಯತಿನ್ "ನೆಟ್‌ವರ್ಕ್ ಇಲ್ಲ, ಟೆರೇಸಿಗೆ ಹೋಗಿ ಬರ್ತೇನೆ" ಎಂದು ಹೇಳಿ, ಎಲ್ಲರೂ ಕೈಕಾಲು ತೊಳೆಯಲು ಎದ್ದ ಸಮಯ ನೋಡಿ, ಮಲಗುವ ಕೋಣೆಯ ಗೋಡೆ ಕಪಾಟಿನೊಳಗೆ ಸೇರಿಕೊಂಡ. ಐದು ಅಡಿ ಹತ್ತು ಇಂಚಿನ ಪೈಲಟ್, ಇಸ್ತ್ರಿಗೆ ಕೊಟ್ಟು ಮರೆತ ಪ್ಯಾಂಟಿನ ಹಾಗೆ ಮೂರು ಮಡಿಕೆಯಾಗಿ ಕೂತ. ಯೋಜನೆ ಸಣ್ಣದು. ಹೊರಗೆ ಬರುವುದು, ಕಿಟಕಿ ಬದಿಯ ಎಲೆಯಿಂದ ಒಂದು ತುಂಡು ತಿನ್ನುವುದು, ಒಳಗೆ ಹೋಗುವುದು.

ದೀಪ ಆರಿತು. ಬಾಗಿಲು ಮುಚ್ಚಿತು. ಹೊರಗೆ ತಾಯಿಯ ದನಿ ಕೇಳಿಸಿತು: "ಅಣ್ಣಾ, ನಿಧಾನ ಊಟ ಮಾಡು. ಯತಿನನದ್ದೊಂದು ದಾರಿ ತೋರಿಸು."

ಯತಿನ್ ಮೊಣಕಾಲಿನಲ್ಲಿ ತೆವಳಿದ. ಮಧ್ಯಾಹ್ನದ ನಾಲ್ಕು ಗಂಟೆ ಎಂದು ಕಂಬಳಿಗಳಿಗೆ ಗೊತ್ತಿರಲಿಲ್ಲ. ಕತ್ತಲು ಬಾವಿಯೊಳಗಿನ ಹಾಗಿತ್ತು. ಬೆರಳಿಗೆ ಎಲೆಯ ಅಂಚು ಸಿಕ್ಕಿತು. ನಂತರ ಕಾಗದ. ನಂತರ ದೋಸೆ. ನಂತರ ಕೋಳಿಯ ಕಾಲು. ಹಿಡಿದು ಎತ್ತಿದ.

ಅದು ಬರಲಿಲ್ಲ. ಇನ್ನೊಂದು ತುದಿಯನ್ನು ಯಾರೋ ಹಿಡಿದಿದ್ದರು.

ಯತಿನ್ ಎಳೆದ. ಆ ಕಡೆಯಿಂದಲೂ ಎಳೆಯಿತು, ಅವಸರವಿಲ್ಲದೆ. ಅವನ ಕಿರುಬೆರಳಿಗೆ ಒಂದು ಅಂಗೈ ತಾಗಿತು. ತಣ್ಣಗೂ ಇರಲಿಲ್ಲ, ಬೆಚ್ಚಗೂ ಇರಲಿಲ್ಲ. ವರ್ಷಗಟ್ಟಲೆ ಏನನ್ನೋ ಗಟ್ಟಿಯಾಗಿ ಹಿಡಿದಿದ್ದ ಕೈಯ ಹಾಗೆ ಜಡ್ಡುಗಟ್ಟಿತ್ತು. ಕಿರುಚಿದರೆ ಹೊರಗಿರುವ ನಾಲ್ವರು ಒಳಗೆ ಬರುತ್ತಾರೆ. ಕಿರುಚದಿದ್ದರೆ ಒಳಗಿರುವವರು ಒಳಗೇ ಇರುತ್ತಾರೆ.

ಆಗ ಆ ಕೈ ತುಂಡನ್ನು ಬಿಟ್ಟುಕೊಟ್ಟಿತು. ಬಸ್ಸಿನಲ್ಲಿ ಮಕ್ಕಳಿಗೆ ಕಿಟಕಿಯ ಸೀಟು ಬಿಟ್ಟುಕೊಡುತ್ತಾರಲ್ಲ, ಅಷ್ಟು ಸಲೀಸಾಗಿ.

ಹಿಂದಕ್ಕೆ ಬಿದ್ದ ಯತಿನ್ ಕಪಾಟಿಗೆ ತೆವಳಿದ. ಈಗ ತಿನ್ನಲೇಬೇಕಿತ್ತು, ಇಲ್ಲವಾದರೆ ಕೈಯಲ್ಲಿ ಸಾಕ್ಷಿ ಉಳಿಯುತ್ತದೆ. ಅಳುತ್ತ ತಿಂದ. ಮೂಳೆಯನ್ನು ಅಪ್ಪನ ಹಳೆಯ ಕೋಟಿನ ಜೇಬಿಗೆ ಹಾಕಿದ. ಕಪಾಟಿನ ಹೊರಗಿನ ಕತ್ತಲಲ್ಲಿ ಯಾರೋ ತಾನು ಉಂಡು ಮುಗಿಸುವುದನ್ನೇ ತಾಳ್ಮೆಯಿಂದ ಕಾಯುತ್ತಿದ್ದಾರೆ ಎಂದು ಅವನಿಗೆ ಖಂಡಿತವಾಗಿ ಅನಿಸಿತು.

ಬಾಗಿಲಿಗೆ ಮೂರು ಬಡಿತ. ದೀಪ ಬೆಳಗಿತು. ನಾಲ್ವರೂ ಎಲೆಗಳ ಮೇಲೆ ಬಗ್ಗಿದರು. ಯತಿನ್ ಕಪಾಟಿನಿಂದ ಹೊರಬಂದು ಅವರ ಬೆನ್ನ ಹಿಂದಿನಿಂದ ಜಾರಿ, ಹೊಸ್ತಿಲಲ್ಲಿ ನಿಂತು, ಆಗತಾನೇ ಬಂದವನಂತೆ "ಎಂತ ಆಯ್ತು?" ಎಂದ.

"ಕಿಟಕಿ ಬದಿಯಲ್ಲಿ ನಾಲ್ಕು!" ಮಾಸ್ತರರು ಮತ್ತೊಮ್ಮೆ ಎಣಿಸಿದರು. "ಐದಿತ್ತು. ನಾನೇ ಎಣಿಸಿದ್ದು."

"ಲೋಡು ಬಿಟ್ಟು ಪ್ಯಾಸೆಂಜರಾ?" ದೇರಣ್ಣನಿಗೆ ನಂಬಿಕೆಯಾಗಲಿಲ್ಲ. "ಸೀನನಾ? ದಾರಿಯಲ್ಲಿ ಹೆಂಗಸರು ಕೈ ತೋರಿಸಿದ್ರೂ ನಿಲ್ಲಿಸದ ಮನುಷ್ಯ ಅವ!" ಅವನು ಕಾರ್ಗೊ ಎಲೆಯ ಗ್ಲಾಸನ್ನು ಎತ್ತಿ ನೋಡಿದ. "ಇಲ್ಲಿ ನೋಡಿ. ಬ್ರಾಂದಿ ಒಂದು ಬೆರಳು ಇಳಿದಿದೆ."

ಆ ಗ್ಲಾಸನ್ನು ಯತಿನ್ ಮುಟ್ಟಿರಲಿಲ್ಲ.

"ಆವಿಯಾಗಿರ್ಬೇಕು" ಎಂದರು ಮಾಸ್ತರರು.

"ಒಂದೇ ಗ್ಲಾಸಾ?" ಎಂದ ನವಾಝ್.

ಎಲ್ಲರೂ ಸೀತುವಿನ ಮುಖ ನೋಡಿದರು. ಅವಳು ಸೆರಗು ಸರಿಮಾಡಿಕೊಂಡು ತೀರ್ಪು ಕೊಟ್ಟಳು: "ಕುಡಿದದ್ದು ಅಭ್ಯಾಸ. ತಿಂದದ್ದು ತೀರ್ಮಾನ. ಜನರ ಪ್ಲೇನು."

"ನಿನ್ನ ಮೀಸೆಗೆ ಎಂತ ಆಗಿದೆ ಮಾರಾಯ?" ನವಾಝ್ ಕೇಳಿದ.

"ಕ್ರೀಮು" ಎಂದ ಯತಿನ್. ಆಮೇಲೆ ಸಾಧ್ಯವಾದಷ್ಟು ಸಹಜವಾಗಿ, "ನೀವೆಲ್ಲ ಹೊರಗೇ ಇದ್ರಾ? ನಡುವೆ ಯಾರೂ ಒಳಗೆ ಹೋಗ್ಲಿಲ್ಲ ಅಲ್ವಾ?"

"ನಾಲ್ಕೂ ಜನ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆವು. ಇರುವೆ ಸಹ ಹೋಗ್ಲಿಲ್ಲ" ಎಂದರು ಮಾಸ್ತರರು.

ಕತ್ತಲಲ್ಲಿ ತಾಗಿದ್ದು ತನ್ನದೇ ಎಡಗೈ ಇರಬೇಕು ಎಂದು ಯತಿನ್ ತೀರ್ಮಾನಿಸಿದ. ಎಡಗೈಯನ್ನು ತಿರುಗಿಸಿ ನೋಡಿದ. ಮೃದುವಾದ, ಎರಡೂವರೆ ವರ್ಷ ಕೆಲಸವಿಲ್ಲದ ಕೈ.

ಐದಕ್ಕೆ ಒಂಬತ್ತು ನಿಮಿಷವಿದ್ದಾಗ ಅವನು ಕಾರ್ಗೊ ಕಂಪನಿಗೆ ಧನ್ಯವಾದ ಹೇಳಿ ಬೇಡವೆಂದು ಬರೆದ. ಇನ್ನೊಂದಕ್ಕೆ ಒಪ್ಪಿಗೆ ಕಳಿಸಿದ. ಸೀತು ಪಾಯಸಕ್ಕೆ ಇಟ್ಟಳು. ಗ್ರೂಪಿನಲ್ಲಿ ಇಪ್ಪತ್ತೆರಡು ಹೂಗುಚ್ಛಗಳು ಬಂದವು. ಮಾಸ್ತರರು ವಿಮಾನದ ರೆಕ್ಕೆಯ ಉದ್ದ ಕೇಳಲು ಶುರುಮಾಡಿದಾಗ ಫೋನ್ ರಿಂಗಾಯಿತು. ಯತಿನ್ ಈ ಸಲ ನಿಜವಾಗಿಯೂ ಟೆರೇಸಿಗೆ ಹೋದ. ಯಾರೂ ಹಿಂಬಾಲಿಸದ ಹಾಗೆ ಕಬ್ಬಿಣದ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ. ಟೆರೇಸಿನಲ್ಲಿ ನೀರಿನ ಟ್ಯಾಂಕು, ಒದ್ದೆ ಸಿಮೆಂಟು, ಅವನು. ಬೇರೇನೂ ಇರಲಿಲ್ಲ.

"ಕಂಗ್ರಾಜುಲೇಷನ್ಸ್ ಸರ್" ಬೆಂಗಳೂರಿನ ಹುಡುಗಿಯ ದನಿ. "ಒಂದು ಸಣ್ಣ ಬದಲಾವಣೆ ಇದೆ. ಐದು ಗಂಟೆ ತನಕ ಹೇಳೋ ಹಾಗಿರ್ಲಿಲ್ಲ. ನಮ್ಮ ರೂಟ್‌ಗಳಿಗೆ ಜನ ಸಿಗ್ತಿಲ್ಲ. ಅದಕ್ಕೆ ಸೀಟೆಲ್ಲ ತೆಗೆಸಿಬಿಟ್ಟಿದೀವಿ. ನಮ್ಮಲ್ಲಿರೋ ಎರಡೂ ವಿಮಾನ, ಪೈಲಟ್‌ಗಳ ಸಮೇತ, ಒಂದು ಕಾರ್ಗೊ ಕಂಪನಿಗೆ ಗುತ್ತಿಗೆ ಕೊಟ್ಟಿದೀವಿ."

"ಯಾವ ಕಂಪನಿ?" ಎಂದು ಯತಿನ್ ಕೇಳಿದ.

ಅವಳು ಹೆಸರು ಹೇಳಿದಳು. ಇಪ್ಪತ್ತು ನಿಮಿಷದ ಹಿಂದೆ ಅವನು ಧನ್ಯವಾದ ಹೇಳಿದ್ದ ಹೆಸರು.

"ಹಾಗಾದ್ರೆ ಅವರ ಸಂಬಳ, ಅವರ ಜೆಟ್..."

"ಇಲ್ಲ ಸರ್, ಸಂಬಳ ನಮ್ದೇ, ವಿಮಾನಾನೂ ನಮ್ದೇ. ಕೆಲಸ ಮಾತ್ರ ಅವರದು. ರಾತ್ರಿ ಹನ್ನೊಂದರಿಂದ ಬೆಳಗಿನ ಜಾವ ಐದು. ಆದ್ರೆ ಒಂದು ಅನುಕೂಲ ಇದೆ. ಪ್ಯಾಸೆಂಜರ್‌ಗಳ ಗಲಾಟೆ ಇಲ್ಲ. ನಿಮ್ಮ ಹಿಂದೆ ಯಾರೂ ಇರಲ್ಲ."

ಯತಿನ್ ತಾನೇ ಚಿಲಕ ಹಾಕಿದ್ದ ಬಾಗಿಲಿನತ್ತ ತಿರುಗಿ ನೋಡಿದ. ಟ್ಯಾಂಕಿಗೆ ನೀರು ಬೀಳುವ ಸದ್ದು ನಿಂತಿತ್ತು.

"ಹಲೋ? ಸರ್, ಇದ್ದೀರಾ?" ಹುಡುಗಿ ಸ್ವಲ್ಪ ಹೊತ್ತು ಆಲಿಸಿದಳು. ಅವಳ ದನಿ ಮೃದುವಾಯಿತು. "ಪರವಾಗಿಲ್ಲ ಸರ್, ಆಮೇಲೆ ಮಾತಾಡೋಣ. ಮನೆಯಲ್ಲಿ ತುಂಬ ಖುಷಿಯಾಗಿದೆ ಅನ್ಸುತ್ತೆ. ನಿಮ್ಮ ಪಕ್ಕದಲ್ಲೇ ಯಾರೋ ದೊಡ್ಡವರು ನಗ್ತಾ ಇದ್ದಾರೆ."