ಮೀನಿನ ಬಿ.ಪಿ. ಯಾರು ನೋಡಬೇಕು?

ಕೆಲವರಿಗೆ "ಶಾಂತವಾಗಿರಿ" ಎಂದು ಹೇಳಲೇಬಾರದು ನೋಡ್ರಿ. ಹೇಳಿದ ದಿನದಿಂದಲೇ ಒಂದಿಲ್ಲೊಂದು ಗದ್ದಲ ಗಂಟುಬೀಳುತ್ತದೆ. ಅಂಥವರಲ್ಲಿ ನಾನೇ ಮೊದಲಿಗ.

ನಿವೃತ್ತನಾಗಿ ನಿಗಡಿ ಊರಲ್ಲಿ ಆರಾಮಾಗಿದ್ದವನಿಗೆ ಕಣ್ಣಿಗೆ ಪೊರೆ ಬಂತು. ಪೇಪರ್ ಓದಿ ಹೇಳುವ ಕೆಲಸ ಹೆಂಡತಿಯ ಪಾಲಾಯಿತು. ಆಕೆ ತನಗೆ ಬ್ಯಾಡಾದ ಸುದ್ದಿಯನ್ನೆಲ್ಲ ಹಾರಿಸಿ, "ಇವತ್ತ ಏನೂ ಇಲ್ರಿ, ಬಂಗಾರ ಒಂದಿಷ್ಟು ಇಳದದ" ಎಂದು ಮಡಚಿಬಿಡುವಳು. ಆಪರೇಶನ್ ಆಗದ ಹೊರತು ನನಗೆ ಜಗತ್ತಿನ ಸುದ್ದಿಯಿಲ್ಲ. ಆಸ್ಪತ್ರೆಗೆ ಹೋದರೆ ಹೆದರಿಕೆಗೆ ಬಿ.ಪಿ. ಏರುವುದು, "ಇಳಿಸಿಕೊಂಡು ಬನ್ನಿ" ಎಂದು ಡಾಕ್ಟರು ವಾಪಸು ಕಳಿಸುವುದು. ಎರಡು ಸಲ ಹೀಗೇ ಆಯಿತು.

ಸಲಹೆ

ನೆರೆಮನೆಯವರು ದೌಂಡಿನಲ್ಲಿ ರೈಲ್ವೆ ನೌಕರಿ ಮುಗಿಸಿ ಬಂದ ಮರಾಠಿಗರು. ಮೀನಿಲ್ಲದ ಊಟವನ್ನು ಉಪವಾಸದ ಲೆಕ್ಕಕ್ಕೆ ಹಿಡಿಯುವವರು. "ಸಾಹೇಬ, ನನ್ನ ಜೊತೆ ಕೆರೆಗೆ ಬನ್ನಿ. ಗಾಳ ಹಾಕಿ ಕೂತರೆ ತಲೆಯೊಳಗಿನ ಗಾಡಿಗಳೆಲ್ಲ ಸೈಡಿಂಗಿಗೆ ಹೋಗಿ ನಿಲ್ಲುತ್ತವೆ" ಎಂದರು. ಡಾಕ್ಟರೂ ಫೋನಿನಲ್ಲಿ ಹೂಂ ಅಂದರು.

ನಮ್ಮದೋ, ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದ ಮನೆ. "ಹಿಡದು ಹಂಗ ಬಿಟ್ಟುಬಿಡ್ತೀನಿ. ಒಂದೂ ಸಾಯಂಗಿಲ್ಲ" ಎಂದೆ.

ಹೆಂಡತಿ ನನ್ನ ಕೈಯಿಂದ ಫೋನು ಕಸಿದುಕೊಂಡಳು. "ಡಾಕ್ಟರ, ಇವರ ಬಿ.ಪಿ. ಇಳಸಾಕ ಮೀನಿಂದು ಏರಸೂದೇನ್ರಿ? ಅದರ ಬಿ.ಪಿ. ಯಾರು ನೋಡಬೇಕು?"

ಡಾಕ್ಟರು ಹೇಳಿದರು: "ಅದು ನನ್ನ ಪೇಶಂಟ್ ಅಲ್ಲ, ತಾಯಿ."

ರೊಟ್ಟಿ

ಕೊನೆಗೆ ಒಪ್ಪಂದವಾಯಿತು. ಎರೆಹುಳ ಮುಟ್ಟಬಾರದು. ಒಂದು ಜೀವ ಹಿಡಿಯಲು ಇನ್ನೊಂದನ್ನು ಚುಚ್ಚುವುದು ಡಬಲ್ ಪಾಪ. ಹೀಗಾಗಿ ಗಾಳಕ್ಕೆ ನಾನು ಜೋಳದ ರೊಟ್ಟಿಯನ್ನು ನಾದಿ ಉಂಡೆ ಮಾಡಿ ಸಿಕ್ಕಿಸಿದೆ. ಸಪ್ಪಗಾದೀತೆಂದು ಒಂದು ಚಿಟಿಕೆ ಶೇಂಗಾ ಚಟ್ನಿಯನ್ನೂ ಸವರಿದೆ.

ನೆರೆಯವರು ಹಣೆ ಬಡಿದುಕೊಂಡರು. "ಸಾಹೇಬ, ಬಂದಿರೋದು ಮೀನು ಹಿಡಿಯೋಕೆ. ಬೀಗರಿಗೆ ಬಡಿಸೋಕಲ್ಲ!"

ಅವರ ಹುಳಕ್ಕೆ ಒಂದೂ ಬೀಳಲಿಲ್ಲ. ನನ್ನ ದಾರ ಜಗ್ಗಿತು. ಸಂಜೆ ನೋಡಿದರೆ ನೆರೆಯವರ ಹೆಂಡತಿ ನಮ್ಮ ಬಾಗಿಲಲ್ಲಿ ನಿಂತು ನನ್ನಾಕೆಯನ್ನು ಕೇಳುತ್ತಿದ್ದರು: "ವಹಿನಿ, ಎರಡು ರೊಟ್ಟಿ ಕೊಡ್ತೀರಾ? ನಮ್ಮವರಿಗೆ ಹುಳದ ಮೇಲಿನ ನಂಬಿಕೆ ಹೋಗಿದೆ."

ಬಕೆಟ್

ಆ ಮೊದಲ ಮೀನಿನ ಕಥೆ ಮಾತ್ರ ಘೋರ. ಹಿಡಿಯುವುದು ಸುಲಭ, ಬಿಡುವುದು ಕಷ್ಟ ಎಂದು ಯಾರೂ ಹೇಳಿರಲಿಲ್ಲ. ಮೀನು ಕೈಯಲ್ಲಿ ಒದ್ದಾಡುತ್ತಿದೆ, ಬಾಯಿ ತೆರೆದು ಮುಚ್ಚುತ್ತಿದೆ. ಪೊರೆಗಣ್ಣಿಗೆ ಗಾಳದ ತುದಿ ಎಲ್ಲಿದೆಯೋ ಕಾಣುತ್ತಿಲ್ಲ. "ಬಿಡಿಸ್ರಿ, ಲಗೂನ ಬಿಡಿಸ್ರಿ!" ಎಂದು ಕೂಗಿದೆ. ನೆರೆಯವರು ಚೀಲದ ಬಾಯಿ ಅಗಲಿಸಿ ಹಿಡಿದು, "ಇದರೊಳಗೆ ಬಿಡಿ" ಎಂದರು. ಅಂತೂ ಗಾಳ ಕಳಚಿತು, ಮೀನು ನೀರಿಗೆ ಜಾರಿತು, ನಾನೂ ಮೊಣಕಾಲಮಟ ಜಾರಿದೆ.

ಮನೆಯಲ್ಲಿ ವಿಚಾರಣೆ. "ಎಷ್ಟೊತ್ತು ನೀರಿನ ಹೊರಗಿತ್ತರಿ?"

"ಭಾಳ ಇಲ್ಲ. ಒಂದೀಟು."

"ಹಂಗಾರ ಒಂದೀಟು ನೀವು ಬಕೆಟ್ನ್ಯಾಗ ಮಾರಿ ಅದ್ದರಿ, ನೋಡೂಣು."

ನ್ಯಾಯದ ಮಾತು. ಅದ್ದಿದೆ. ಅಬ್ಬಾ! ಕಿವಿಯಲ್ಲಿ ಗಂಟೆ ಹೊಡೆಯಿತು, ಮೂಗಿನಲ್ಲಿ ನೀರು ಹೊಕ್ಕಿತು. ತಲೆಯೆತ್ತಿ ಬಾಯಿ ಬಾಯಿ ಬಿಡುತ್ತಾ ನಿಂತರೆ, ಆಕೆ ಟವೆಲ್ ಕೊಟ್ಟು ತಣ್ಣಗೆ ಹೇಳಿದಳು: "ಹೋಗ್ರಿ, ಬಿಟ್ಟೀನಿ."

ಮೂರನೆಯ ಸಲ

ಮರುದಿನವೇ ಗಾಳವನ್ನು ಕಿತ್ತೆಸೆದೆ. ಬರೀ ದಾರಕ್ಕೆ ರೊಟ್ಟಿ ಕಟ್ಟಿ ಕೂಡುವುದು. ಮೀನು ತಿಂದು ಹೋಗುವುದು. "ಇದಕ್ಕೆ ಅನ್ನಸಂತರ್ಪಣೆ ಅಂತಾರೆ" ಎಂದು ನೆರೆಯವರು ಮುಖ ತಿರುಗಿಸಿದರು. ಆದರೆ ಮನೆಯಲ್ಲಿ ಬಿ.ಪಿ. ಇಳಿಯಿತು. ಮತ್ತೆ ಆಸ್ಪತ್ರೆಗೆ ಹೊರಟೆವು. ಧೈರ್ಯಕ್ಕೆ ನೆರೆಯವರೂ ಬಂದರು.

"ಇವತ್ತೂ ಏರಿದರೆ ಇನ್ನು ದೀಪಾವಳಿ ಆದ ಮೇಲೇ" ಎಂದರು ಡಾಕ್ಟರು. ಅಷ್ಟು ಸಾಕಾಯಿತು. ನರ್ಸ್ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದಳು. ನೋಡಿದರೆ, ಒಂದಿಷ್ಟು ಮೇಲೆಯೇ! "ಕಣ್ಣು ಮುಚ್ಚಿ. ನಿಮ್ಮ ಕೆರೆ ನೆನೆಸಿಕೊಳ್ಳಿ. ಇನ್ನೊಮ್ಮೆ ನೋಡೋಣ" ಎಂದರು ಡಾಕ್ಟರು.

ಮುಚ್ಚಿದೆ. ತಂಪು ಗಾಳಿ, ತೆಳು ಅಲೆ. ಉಸಿರು ಹಗುರಾಯಿತು. ಅಷ್ಟರಲ್ಲಿ ದಾರ ಜಗ್ಗಿತು! ದೊಡ್ಡದು, ಕೈ ಕಿತ್ತುಕೊಂಡು ಹೋಗುವಂಥದ್ದು.

"ಅಯ್ಯೋ, ಏರ್ತಾ ಇದೆ!" ಎಂದಳು ನರ್ಸ್.

"ಏನಾತ್ರಿ?" ಹೆಂಡತಿ ಬಾಗಿದಳು.

"ಮೀನು ಸಿಕ್ಕೈತಿ" ಎಂದೆ, ಕಣ್ಣು ಮುಚ್ಚಿಯೇ.

"ಗಾಳ ಇಲ್ಲದ ದಾರಕ್ಕ ಹ್ಯಾಂಗ ಸಿಕ್ತು?"

"ಇದಕ್ಕ... ಗಾಳ ಅದ."

"ನೋಡ್ರಿ ಡಾಕ್ಟರ, ಕೈಯಾಗಿಂದು ಒಗದು ಮನಸ್ಸಿನ್ಯಾಗ ಇಟಗೊಂಡಾರ! ರೀ, ಬಿಡ್ರಿ ಅದನ್ನ. ಮೊದಲ ಬಿಡ್ರಿ!"

ನೆರೆಯವರು ಕುರ್ಚಿಯಿಂದ ಜಿಗಿದೆದ್ದರು. "ಬಿಡಬೇಡಿ ಸಾಹೇಬ! ಎಷ್ಟು ದೊಡ್ಡದು?"

ನರ್ಸ್ ಅಂಕಿ ನೋಡುತ್ತಿದ್ದಾಳೆ, ಡಾಕ್ಟರು ಕೈಗಡಿಯಾರ ನೋಡುತ್ತಿದ್ದಾರೆ. ನಾನು ಮೆಲ್ಲಗೆ ಬಾಗಿದೆ, ಗಾಳ ಕಳಚಿದೆ. ಬಾಲ ಬಡಿದು ಹೋಯಿತು.

"ಬಿಟ್ಟೆ" ಎಂದೆ.

"ಇಳೀತು, ಇಳೀತು!" ಎಂದಳು ನರ್ಸ್. ಡಾಕ್ಟರು, "ಇನ್ನೊಂದು ಸಿಗೋದರೊಳಗೆ ಒಳಗೆ ಕರ್ಕೊಂಡು ನಡೀರಿ" ಎಂದು ಅವಸರಿಸಿದರು.

ಸ್ಟ್ರೆಚರು ತಳ್ಳುತ್ತಿದ್ದರೆ ಹಿಂದಿನಿಂದ ನೆರೆಯವರು ನನ್ನ ಹೆಂಡತಿಗೆ ಅಳುದನಿಯಲ್ಲಿ ಹೇಳುವುದು ಕೇಳಿಸಿತು: "ವಹಿನಿ, ಅದನ್ನಾದರೂ ತಿನ್ನೋಕೆ ಬಿಡಬಹುದಿತ್ತು. ಅದಕ್ಕೆ ಜೀವವೇ ಇರಲಿಲ್ಲವಲ್ಲ!"