ಕೂತರೆ ಹಳೆಯದಾಗುವ ಕಾರು

ಮೊಮ್ಮಗಳು ಕಾರಿನ ಬಾಗಿಲು ತೆಗೆದು "ಅಜ್ಜಿ, ಹತ್ತು" ಅಂದಾಗಲೆಲ್ಲ ನಾನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ. ನಾಗಪುರಕ್ಕೆ ಬಂದು ಇಷ್ಟು ವರ್ಷವಾದರೂ ಇದು ತಪ್ಪಿಲ್ಲ. ಹೋದ ವಾರ ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು. ತಪ್ಪು ನನ್ನದಲ್ಲ, ನಮ್ಮಪ್ಪನದು.

ಮದ್ರಾಸ್ ಸರ್ಕಾರದ ಕಾಲದಲ್ಲಿ ಅಪ್ಪ ರಾಯದುರ್ಗದಲ್ಲಿ ಕಾರು ಮಾರುತ್ತಿದ್ದರು. ಎಲ್ಲಿಂದಲೋ ಒಂದು ಹಳೆಯ ಕಾರು ತರುವುದು, ಮನೆ ಮುಂದಿನ ಚಪ್ಪರದಲ್ಲಿ ನಿಲ್ಲಿಸಿ ಮಾರುವುದು, ಮತ್ತೊಂದು ತರುವುದು. ಒರೆಸುವವರು ಮಾತ್ರ ನಾವು. ಕೂರುವ ಹಾಗಿಲ್ಲ. "ಮಂದಿ ಕುಂತಷ್ಟೂ ಕಾರು ಹಳೇದಾಗತೈತಿ" ಎನ್ನುವುದು ಅಪ್ಪನ ಮಾತು.

ಅವ್ವನ ತವರು ಮಡಕಶಿರದ ಕಡೆ, ಅಮರಾಪುರದ ಹತ್ತಿರ. ಒಂದೇ ಒಂದು ಸಲ ತನ್ನ ಅಣ್ಣನ ಮನೆ ಮುಂದೆ ಕಾರಿನಿಂದ ಇಳಿಯಬೇಕು ಎನ್ನುವುದು ಅವಳ ಆಸೆ. ಅವಳ ಅತ್ತಿಗೆ ಪ್ರತಿ ಸಲವೂ, "ಬಂದ್ಲು ನೋಡು ಕಾರು ಮಾರೋರ ಹೆಂಡ್ತಿ, ಬಸ್ಸಿನ ಧೂಳು ಹೊತ್ಕೊಂಡು" ಎಂದು ನಗುತ್ತಿದ್ದಳು.

ಮುಂದೆ ಕಾರು, ಹಿಂದೆ ಗಾಡಿ

ನನ್ನ ತಮ್ಮ ಹುಟ್ಟುವ ದಿನ ಅವ್ವನಿಗೆ ಮಧ್ಯಾಹ್ನ ನೋವು ಶುರುವಾಯಿತು. ಚಪ್ಪರದಲ್ಲಿ ಕರಿ ಕಾರು ಮಿರಮಿರ ಮಿಂಚುತ್ತ ನಿಂತಿತ್ತು. ಅಪ್ಪ ಓಡಿಹೋಗಿ ಎತ್ತಿನ ಗಾಡಿ ತಂದರು.

"ಕಾರು ಐತಲ್ರೀ" ಎಂದಳು ಅವ್ವ.

"ಸಂಜಿಗೆ ಗಿರಾಕಿ ಬರ್ತಾನ. ಅವಗೆ ಸೀಟು ಹೆಂಗ ತೋರಿಸ್ಲಿ?"

ಅವತ್ತು ಸಂತೆ. ಗಾಡಿ ಜನರ ನಡುವೆ ಸಿಕ್ಕಿಕೊಂಡಿತು. ಆಗ ಅಪ್ಪನಿಗೆ ಕರುಣೆ ಬಂತು. ಮನೆಗೆ ಓಡಿ ಕಾರು ತಂದರು. ಅವ್ವನನ್ನು ಹತ್ತಿಸುವುದಕ್ಕಲ್ಲ, ಗಾಡಿಯ ಮುಂದೆ ಹಾರ್ನ್ ಹೊಡೆಯುತ್ತ ದಾರಿ ಬಿಡಿಸುವುದಕ್ಕೆ. ಯಾರೋ ದೊಡ್ಡ ಸಾಹೇಬರು ಬಂದರೆಂದು ಸಂತೆಯವರು ಎದ್ದು ನಿಂತು ಕೈಮುಗಿದರು.

ಆಸ್ಪತ್ರೆಯ ನರ್ಸಮ್ಮ ಓಡಿ ಬಂದು ಕಾರಿನ ಬಾಗಿಲು ತೆಗೆದು, "ಬಸುರಿ ಎಲ್ಲಿ?" ಎಂದಳು.

ಗಾಡಿಯೊಳಗಿನಿಂದ ಅವ್ವ ಹೇಳಿದಳು: "ಇತ್ಲಾಗೆ ಬಾಮ್ಮ. ಅಲ್ಲಿ ಕುಂತಿರೋರಿಗೆ ನೋವಿಲ್ಲ."

ಎಂಟು ದಿನದ ಪರೀಕ್ಷೆ

ಗುಮ್ಮಘಟ್ಟದ ಕಡೆಯಿಂದ ಒಬ್ಬ ಕುರಿ ಯಜಮಾನ ಕಾರು ಕೊಳ್ಳಲು ಬಂದ. ಎತ್ತು, ಕುರಿ ಬಿಟ್ಟು ಬೇರೇನನ್ನೂ ಕೊಂಡವನಲ್ಲ. ಎತ್ತಿನ ಮೈಮೇಲೆ ನೋಡುವ ಹಾಗೆ ಕಾರಿನ ಸುತ್ತ ತಿರುಗಿ ಸುಳಿ ಹುಡುಕಿದ. ಬಾನೆಟ್ ಎತ್ತಿಸಿ, ಹಲ್ಲು ನೋಡುವವನಂತೆ ಬಗ್ಗಿ ನೋಡಿದ. ದನದ ಸಂತೆಯಲ್ಲಿ ಮಾಡುವ ಹಾಗೆ ಹೆಗಲ ಮೇಲಿನ ಟವೆಲ್ಲನ್ನು ಅಪ್ಪನ ಕೈಮೇಲೆ ಹಾಸಿ, ಅದರಡಿ ಬೆರಳು ಹಿಡಿದೇ ವ್ಯಾಪಾರ ಕುದುರಿಸಿದ. ಎಲ್ಲ ಮುಗಿದ ಮೇಲೆ, "ಎಂಟು ದಿನ ಒಯ್ದು ನೋಡ್ತೀನ್ರಿ" ಎಂದ.

"ನೋಡೂದೇನೈತ್ರಿ ಅದ್ರಾಗ?"

"ಎತ್ತು ತಗೊಂಡ್ರ ಹೂಡಿ ನೋಡಂಗಿಲ್ಲೇನ್ರಿ?"

ಅಪ್ಪ ಕೀಲಿ ತೆಗೆದು ಕೊಟ್ಟರು. ಬಸ್ಸು ಓಡಿಸುತ್ತಿದ್ದ ಅವನ ಅಳಿಯ ಕಾರು ಒಯ್ದ.

ಎಂಟನೆಯ ದಿನ ಕಾರು ವಾಪಸು ಬಂತು. ಬಾಗಿಲಿಗೆ ಒಣಗಿದ ಮಾವಿನೆಲೆ, ಸೀಟಿನ ಸಂದಿಯಲ್ಲಿ ಅಕ್ಷತೆ, ಹಿಂದುಗಡೆ ಉಣ್ಣೆ ಮತ್ತು ಹಿಕ್ಕೆ. ಅಷ್ಟರಲ್ಲಿ ಒಂದು ಮದುವೆಯ ಮೆರವಣಿಗೆ ಮುಗಿದು, ಎರಡು ಟಗರು ಬೀಗರ ಊರಿಗೂ ಹೋಗಿ ಬಂದಿದ್ದವು.

"ಹೊಂದಲಿಲ್ರಿ. ನಮ್ಮ ನಾಯಿ ಬೊಗಳತಾವ" ಎಂದು ಯಜಮಾನ ಕಾರು ಬಿಟ್ಟು ನಡೆದ.

ಹಿಕ್ಕೆ ಬಳಿದವರು ಯಾರು? ನಾವೇ. ಅವ್ವ ಪೊರಕೆ ಕೆಳಗಿಟ್ಟು ಅಪ್ಪನಿಗೆ ಹೇಳಿದಳು: "ಮುಂದಿನ ಜನ್ಮಕ್ಕೆ ಟಗರಾಗಿ ಹುಟ್ತೀನಿ. ಆವಾಗ್ಲಾದ್ರೂ ಕೂರಿಸ್ತೀರೇನೋ."

ತವರಿಗೆ ಕಾರು

ಆ ಮಾತು ತಾಗಿತೋ, ಕುರಿವಾಸನೆಯ ಕಾರನ್ನು ರಾಯದುರ್ಗದಲ್ಲಿ ಯಾರೂ ಮೂಸಲಿಲ್ಲವೋ, ಅಪ್ಪ ಒಂದು ದಿನ "ನಡಿ, ನಿನ್ನ ತವರಿಗೆ ಹೋಗಿ ಬರೂಣು" ಎಂದರು. ಸೀಟಿಗೆ ಗೋಣಿಚೀಲ ಹಾಸಿದರು. ಚಪ್ಪಲಿ ಕಳಚಿಸಿ ನಮ್ಮ ಕೈಗೇ ಕೊಟ್ಟರು. ಒರಗಬಾರದು, ಚಕ್ಕುಲಿ ತಿನ್ನಬಾರದು. ಮದುವೆ ಸೀರೆ ಉಟ್ಟ ಅವ್ವ ಗೋಣಿಯ ಮೇಲೆ ನೆಟ್ಟಗೆ ಕೂತು ಅಷ್ಟು ದೂರ ಬಂದಳು. ಊರು ಕಾಣಿಸಿದ ಕೂಡಲೇ ಗೋಣಿ ಎಳೆದು ಕಾಲಡಿ ತುರುಕಿದಳು.

ಕಾರು ಅಣ್ಣನ ಮನೆ ಮುಂದೆ ನಿಂತಿತು. ಅತ್ತಿಗೆ ಹೊಸ್ತಿಲಲ್ಲಿ ನಿಂತವಳು ನಿಂತೇ ಇದ್ದಳು. ಅವ್ವ ನಿಧಾನವಾಗಿ, ಇಡೀ ಬೀದಿ ನೋಡಿ ಮುಗಿಸುವಷ್ಟು ನಿಧಾನವಾಗಿ, ಇಳಿದಳು.

ಅಷ್ಟಕ್ಕೇ ಮುಗಿದಿದ್ದರೆ ನಾನು ಅಪ್ಪನನ್ನು ಕ್ಷಮಿಸುತ್ತಿದ್ದೆ. ಅವ್ವ ಒಳಗೆ ಊಟಕ್ಕೆ ಕೂತಾಗ ಹೊರಗೆ ಕಾರಿನ ಸುತ್ತ ಜನ ಕೂಡಿದರು. ಜನ ಕೂಡಿದ ಮೇಲೆ ಅಪ್ಪನ ಬಾಯಿ ಸುಮ್ಮನಿರುತ್ತದೆಯೇ? ಅವಳು ಕೈತೊಳೆದು ಬರುವಷ್ಟರಲ್ಲಿ ಕಾರು ಮಾರಿಯಾಗಿತ್ತು. ಕೊಂಡವನು ಅವಳ ಅಣ್ಣನೇ. ಅತ್ತಿಗೆ ಆಗಲೇ ಹತ್ತಿ ಕೂತಿದ್ದಳು, ಗೋಣಿಚೀಲವಿಲ್ಲದೆ.

ಮರುದಿನ ನಾವು ಹೊರಟೆವು. ಬಸ್ಸು ನಿಲ್ಲುವ ಜಾಗ ಒಂದೂವರೆ ಮೈಲಿ ದೂರ, ಟ್ರಂಕು ನನ್ನ ತಲೆಯ ಮೇಲೆ. ಮಾವ ಗೊತ್ತು ಮಾಡಿದ್ದ ಡ್ರೈವರ್ ಬಂದು ಸುಮ್ಮನೆ ನಿಂತಿದ್ದ. ಅವ್ವ ಮನಸ್ಸು ಗಟ್ಟಿಮಾಡಿ ಕೇಳಿದಳು: "ಅಣ್ಣಯ್ಯ, ಬಸ್ಸಿನ ತಂಕ ಆದ್ರೂ ಕಾರಲ್ಲಿ ಬಿಡಿಸ್ತೀಯ?"

ಮಾವ ಬಾನೆಟ್ ಒರೆಸುವುದನ್ನು ನಿಲ್ಲಿಸಿ, ನಿಜವಾಗಿಯೂ ನೊಂದುಕೊಂಡು ಹೇಳಿದ: "ಬಿಡಿಸ್ತಿದ್ದೆ ಕಣವ್ವ. ಆದ್ರೆ ಭಾವನೇ ಹೇಳವ್ರೆ, ಮಂದಿ ಕುಂತಷ್ಟೂ ಕಾರು ಹಳೇದಾಗ್ತದಂತೆ."