ಐದು ಬೆರಳಿನ ಎಲೆ

ದುರ್ಗಾದೇವಿ ಬಸುರಿ ತಂಗಿಯ ಕುಬುಸಕ್ಕೆಂದು ಮುದನಾಳಕ್ಕೆ ಹೊರಟಾಗ ಗಂಡನಿಗೆ ಹೇಳಿದ್ದು ಒಂದೇ ಮಾತು: "ಹಿತ್ತಲದಾಗಿನ ಗಿಡಕ್ಕ ನೀರು ಹಾಕ್ರಿ." ಯಾವ ಗಿಡ, ಏನು ಗಿಡ ಎಂದು ಅವಳೂ ಹೇಳಲಿಲ್ಲ, ದೇವಿಂದ್ರನೂ ಕೇಳಲಿಲ್ಲ. ಎಂಟು ದಿನ ಕಣ್ಣಿಗೆ ಕಂಡ ಹಸಿರಿಗೆಲ್ಲ ನೀರು ಸುರಿದ.

ಆದರೆ ಅವನ ಮನಸ್ಸು ಗಿಡದ ಮೇಲೆ ಇರಲಿಲ್ಲ. ನಾರಾಯಣಪುರದ ಕಾಲುವೆ ಕಚೇರಿಯಲ್ಲಿ ಅವನು ಜವಾನ. ಅಕ್ಷರ ಮುತ್ತಿನಂಥದು, ಕಂಠ ಕಂಚಿನಂಥದು. ಹೊಸದಾಗಿ ಬಂದಿದ್ದ ಠಾಣೆಯ ಸಾಹೇಬರು ಶಾಲೆಯ ನಶಾಮುಕ್ತಿ ಕಾರ್ಯಕ್ರಮದಲ್ಲಿ ಗಾಂಜಾ ಅಪರಾಧಗಳ ಶಿಕ್ಷೆಯನ್ನು ಓದಿ ಹೇಳಲು ಇಂಜಿನಿಯರನ್ನು ಬಿಟ್ಟು, ಗುಮಾಸ್ತನನ್ನು ಬಿಟ್ಟು ಅವನನ್ನೇ ಆರಿಸಿದ್ದರು. ಅಂದಿನಿಂದ ದೇವಿಂದ್ರ ನಡೆಯುವಾಗ ಎದೆ ಮುಂದೆ, ಕಾಲು ಹಿಂದೆ.

ಕಾರ್ಯಕ್ರಮದ ದಿನ ಬೆಳಿಗ್ಗೆ ಠಾಣೆಯವರು ಕೊಟ್ಟ ಭಿತ್ತಿಪತ್ರ ಹಿಡಿದು ಹಿತ್ತಲಲ್ಲಿ ನಿಂತು ಕೊನೆಯ ತಾಲೀಮು ನಡೆಸಿದ.

"ಬಂಧುಗಳೇ! ಒಂದೇ ಒಂದು ಗಾಂಜಾ ಗಿಡ ಬೆಳೆದರೂ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ! ಸೇದಿದರೆ ಆರು ತಿಂಗಳವರೆಗೆ! ಇಪ್ಪತ್ತು ಕಿಲೋ ದಾಟಿದರೆ ಇಪ್ಪತ್ತು ವರ್ಷದವರೆಗೆ! ಇದರ ಎಲೆಯನ್ನು ಗುರುತಿಸುವುದು ಹೇಗೆ? ಕೈಬೆರಳಿನಂತೆ ಐದು ಸೀಳು, ಅಂಚಿಗೆ ಗರಗಸದ ಹಲ್ಲು..."

ಹೇಳುತ್ತ ಭಿತ್ತಿಪತ್ರದ ಚಿತ್ರದಿಂದ ಕಣ್ಣೆತ್ತಿದ. ಎದುರಿಗೆ, ಬಚ್ಚಲ ನೀರು ಹರಿಯುವ ಜಾಗದಲ್ಲಿ, ಅವನಿಗಿಂತ ಒಂದು ಗೇಣು ಎತ್ತರದ ಗಿಡವೊಂದು ಗಾಳಿಗೆ ತಲೆಯಾಡಿಸುತ್ತ ಭಾಷಣ ಕೇಳುತ್ತಿತ್ತು. ಎಲೆಗೆ ಐದು ಸೀಳು. ಅಂಚಿಗೆ ಹಲ್ಲು.

ದೇವಿಂದ್ರ ಎಣಿಸಿದ. ಐದು. ಇನ್ನೊಂದು ಎಲೆ ಎಣಿಸಿದ. ಅದಕ್ಕೂ ಐದು.

"ಯೂನುಸ ಭಾಯ್!" ಎಂದು ಕೂಗಿದ. ಕೂಗು ಪಿಸುಮಾತಾಗಿ ಬಂತು.

ಪಕ್ಕದ ಮನೆಯ ಪಂಪ್ ಆಪರೇಟರ್ ಯೂನುಸ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಗೋಡೆಯ ಮೇಲಿಂದ ಇಣುಕಿದ. ಶಹಾಪುರ ಪೇಟೆಯಲ್ಲಿ ಹುಟ್ಟಿ ಬೆಳೆದವನು, ಸೊಪ್ಪನ್ನು ಸೂಡು ಕಟ್ಟಿದ ಮೇಲೆಯೇ ನೋಡಿದವನು. ಗಿಡ ನೋಡಿದ, ಚಿತ್ರ ನೋಡಿದ, ನೊರೆ ಉಗುಳಿದ.

"ಖುದಾ ಕಸಮ್, ಅದೇ ಭಾಯ್! ಫೋಟೋದಾಗಿಂದು ಎದ್ದು ಬಂದು ನಿಂತಂಗ ಅದ. ಸುಟ್ಟು ಹಾಕ್ರಿ!"

"ಸುಟ್ರ ಹೊಗಿ ಇಂಜಿನಿಯರ್ ಸಾಹೇಬ್ರ ಮನಿಗೆ ಹೋಗ್ತದೋ ಮಾರಾಯ. ಅವರ ಹೆಂಡ್ತಿ, ಮಕ್ಕಳು, ಅತ್ತಿ ಎಲ್ಲಾರೂ ಸೇದಿದಂಗ ಆಗ್ತದ. ತಲಿಗೆ ಆರಾರು ತಿಂಗಳು!"

ಈಚೆ ಗೋಡೆಯಿಂದ ಮಲ್ಲಾಬಾಯಿಯ ತಲೆ ಮೇಲೆದ್ದಿತು. ಎರಡೂ ಕಣ್ಣಿಗೆ ಪೊರೆ ಬಂದು ಆಪರೇಷನ್ನಿಗೆ ತಾರೀಖು ಕಾಯುತ್ತಿದ್ದ ಮುದುಕಿ.

"ಏನೋ ಅದು ದೇವಿಂದ್ರಾ?"

"ಗಾಂಜಾ ಗಿಡ ಬಂದದ ಆಯಿ."

"ನನಗ ಏನೂ ಕಾಣಂಗಿಲ್ಲ. ಆದ್ರ ಕಾನೂನು ಓದಿದಾಂವ ನೀ ಅಂತಿ ಅಂದ್ರ ಖರೇನ ಇರಬೇಕು. ಕೊಡು ಇಲ್ಲೆ, ನಮ್ಮ ಎಮ್ಮಿಗೆ ಹಾಕ್ತೀನಿ. ಎರಡು ತುತ್ತಿನಾಗ ಖಲಾಸ್."

"ನಿನ್ನ ಎಮ್ಮಿ ಹಾಲು ಎಲ್ಲಿ ಹೋಗ್ತದ ಆಯಿ?"

"ಡೈರಿಗೆ."

"ಅಂದ್ರ ಮಾರಾಟ! ನೀ ಒಳಗ, ಎಮ್ಮಿ ಜಪ್ತಿ!"

"ಹಂಗಾರ ಕಾಲುವಿಗೆ ಒಗೀರಿ" ಎಂದ ಯೂನುಸ.

"ಕಾಲುವಿ ನೀರು ಸುರಪುರಕ್ಕ ಹೋಗ್ತದ, ಶಹಾಪುರಕ್ಕ ಹೋಗ್ತದ. ಎರಡು ತಾಲೂಕಿಗೆ ಸಾಗಾಟ ಮಾಡಿದಂಗ ಆಗ್ತದ. ಅದೂ ಸರ್ಕಾರಿ ನೀರಿನಾಗ!" ದೇವಿಂದ್ರ ಹಣೆಯ ಬೆವರು ಒರೆಸಿದ. ಭಯದಲ್ಲೂ ಅವನಿಗೆ ಒಳಗೊಳಗೇ ಹೆಮ್ಮೆ. ಯಾವ ದಾರಿ ಹಿಡಿದರೂ ಯಾವ ಶಿಕ್ಷೆ ಎಂದು ನಾಲಿಗೆಯ ತುದಿಯಲ್ಲೇ ಇತ್ತು. "ಇನ್ನೊಂದು ಅದ. ಇಂಥಾದ್ದಕ್ಕ ಕುಮ್ಮಕ್ಕು ಕೊಟ್ಟವರಿಗೂ ಅಷ್ಟೇ ಶಿಕ್ಷಾ. ಕಲಂ ಇಪ್ಪತ್ತೊಂಬತ್ತು."

ಎರಡೂ ಗೋಡೆಗಳ ಮೇಲಿನ ತಲೆಗಳು ಏಕಕಾಲಕ್ಕೆ ಮಾಯವಾದವು. "ನಾ ಏನೂ ಅಂದಿಲ್ಲಪ್ಪಾ, ನನಗ ಕಾಣಂಗೇ ಇಲ್ಲ" ಎಂಬ ದನಿ ಮಾತ್ರ ಆಚೆಯಿಂದ ಕೇಳಿತು.

ಹೆಂಡತಿಗೆ ಫೋನ್ ಮಾಡೋಣವೆಂದರೆ ಮಾತು ರೆಕಾರ್ಡ್ ಆದೀತೆಂಬ ಹೆದರಿಕೆ. ಮಧ್ಯಾಹ್ನದವರೆಗೆ ಬಾಗಿಲು ಹಾಕಿಕೊಂಡು ಕುಳಿತ. ಜೈಲಿಗೆ ಹೋದರೆ ನೌಕರಿ ಹೋಗುತ್ತದೆ, ನೌಕರಿ ಹೋದರೆ ಸರ್ಕಾರಿ ಮನೆ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಊರಿಗೆ ಕಾನೂನು ಹೇಳಹೊರಟವನ ಹಿತ್ತಲಲ್ಲೇ ಗಾಂಜಾ ಎಂದರೆ ಹೆಸರು ಹೋಗುತ್ತದೆ. ಕೊನೆಗೆ ಗಿಡವನ್ನು ಬುಡಸಮೇತ ಕಿತ್ತ. ಕಾಂಡದ ಸಣ್ಣ ಮುಳ್ಳುಗಳು ಅಂಗೈ ಗೀರಿದವು. ನಾಲ್ಕು ಮಡಿಕೆ ಮಾಡಿ ಹಾಸಿಗೆಯ ಚಾದರದಲ್ಲಿ ಸುತ್ತಿ, ಸೈಕಲ್ಲಿನ ಹಿಂದೆ ಕಟ್ಟಿ, ಊರಾಚೆಯ ಕಲ್ಲುಗುಂಡಿಗೆ ಎಸೆದು ಬರೋಣವೆಂದು ಹೊರಟ.

ಇನ್ನೂರು ಹೆಜ್ಜೆ ಹೋಗಿರಲಿಲ್ಲ. ಹಿಂದಿನಿಂದ ಜೀಪು ಬಂದು ನಿಂತಿತು.

"ಓ, ದೇವಿಂದ್ರ!" ಕರಾವಳಿಯ ಕಡೆಯವರಾದ ಸಾಹೇಬರು ಬಾಯ್ತುಂಬ ನಕ್ಕರು. "ಶಾಲೆ ಆ ಕಡೆ, ನೀವು ಈ ಕಡೆ ಹೊರಟಿದ್ದೀರಲ್ಲ? ಮುಖ್ಯ ಭಾಷಣಕಾರರು ಸೈಕಲ್ಲಿನಲ್ಲಿ ಬರುವುದುಂಟಾ? ಹತ್ತಿ, ಹತ್ತಿ. ಅದೇನು ಗಂಟು?"

"ಭಾಷಣದ ಸಾಮಾನ್ರಿ ಸಾಹೇಬ್ರ" ಎಂದ ದೇವಿಂದ್ರ. ಬಾಯಿಗೆ ಬೇರೇನೂ ಬರಲಿಲ್ಲ.

"ಭೇಷ್! ತಯಾರಿ ಎಂದರೆ ಇದು!"

ಹೀಗೆ ದೇವಿಂದ್ರ ಸೈಕಲ್ಲನ್ನು ದಾರಿಬದಿಗೆ ಬಿಟ್ಟು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಇಬ್ಬರು ಪೊಲೀಸರ ನಡುವೆ, ಹೊಸ ಮದುಮಗನಂತೆ ಮೆರವಣಿಗೆಯಲ್ಲಿ ಶಾಲೆಗೆ ಬಂದಿಳಿದ.

ಅಂಗಳ ತುಂಬಿತ್ತು. ಮುಂದೆ ಮಕ್ಕಳು, ಹಿಂದೆ ಊರ ಹೆಂಗಸರು ಗಂಡಸರು. ಯೂನುಸನೂ ಬಂದಿದ್ದ, ಆದರೆ ಕಂಬದ ಮರೆಯಲ್ಲಿದ್ದ. ದೇವಿಂದ್ರ ವೇದಿಕೆ ಹತ್ತಿ, ಗಂಟನ್ನು ಕಾಲ ಬುಡದಲ್ಲಿಟ್ಟು ಮೈಕಿನ ಮುಂದೆ ನಿಂತ.

"ಬಂಧುಗಳೇ! ಒಂದೇ ಒಂದು ಗಾಂಜಾ ಗಿಡ ಬೆಳೆದರೂ..."

ಮುಂದಿನ ಸಾಲಿನ ಮಕ್ಕಳು ಬಾಯಿ ತೆರೆದು, ಅವನು ಹೇಳುವುದೆಲ್ಲ ಸತ್ಯವೆಂಬಂತೆ ನೋಡುತ್ತಿದ್ದರು. ಆ ಕಣ್ಣುಗಳ ಎದುರು ಅವನಿಗೆ ಮುಂದೆ ಓದಲಾಗಲಿಲ್ಲ. ಬಗ್ಗಿ ಚಾದರ ಬಿಚ್ಚಿದ.

"ಸಾಹೇಬ್ರ, ಆ ಒಂದು ಗಿಡ ಇದೇರಿ. ನನ್ನ ಹಿತ್ತಲದಾಗ ಬಂದದ. ಹೆಂಗ ಬಂತೋ ಗೊತ್ತಿಲ್ಲ, ಎಂಟು ದಿನ ನೀರು ಹಾಕಿದಾಂವ ಮಾತ್ರ ನಾನೇ. ಮುಚ್ಚಿಡಬೇಕು ಅಂತಿದ್ದೆ. ಈ ಹುಡುಗರ ಮುಂದ ಸುಳ್ಳು ಹೇಳಾಕ ಬಾಯಿ ಬರವಲ್ದು. ಹತ್ತು ವರ್ಷ ಹಾಕ್ರಿ, ಒಂದು ಲಕ್ಷ ದಂಡ ಹಾಕ್ರಿ." ಎರಡೂ ಕೈ ಮುಂದೆ ಚಾಚಿದ.

ಸಾಹೇಬರು ಬಗ್ಗಿ ಗಿಡ ಮೂಸಿದರು. ಹುಬ್ಬು ಗಂಟಿಕ್ಕಿದರು. ಮತ್ತೆ ಮೂಸಿದರು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ, ಕೈಯಲ್ಲಿ ಬ್ಯಾಗು ಹಿಡಿದೇ ಹೆಂಗಸೊಬ್ಬಳು ಜನರನ್ನು ಸರಿಸಿಕೊಂಡು ವೇದಿಕೆಗೆ ಬಂದಳು. ಗಂಡನ ಭಾಷಣ ಕೇಳಬೇಕೆಂದು ಮುದನಾಳದಿಂದ ಮೂರು ಬಸ್ಸು ಬದಲಿಸಿ ಆಗಷ್ಟೇ ಇಳಿದಿದ್ದ ದುರ್ಗಾದೇವಿ. ಒಂದು ಎಲೆ ಹರಿದು ತಾನು ಅಗಿದಳು. ಇನ್ನೊಂದನ್ನು ಗಂಡನ ಬಾಯಿಗೆ ತುರುಕಿದಳು.

"ಹುಳಿ ಅದ ಏನಿಲ್ಲ?"

"ಅದ" ಎಂದ ದೇವಿಂದ್ರ.

"ಮತ್ತ ವಾರಕ್ಕ ಮೂರು ಸಲ ರೊಟ್ಟಿ ಸಂಗಾಟ ಬಡೀತೀರಲ್ಲ ಪುಂಡಿಪಲ್ಯ, ಅದೇ ಇದು! ಮೊಣಕಾಲೆತ್ತರ ಇದ್ದಾಗ ಎಲಿ ದುಂಡಗ ಇರ್ತದ, ಆಗ ಕಿತ್ತು ಕುದಿಸಿ ಹಾಕ್ತೀನಿ. ಬಿಟ್ರ ಆಳುದ್ದ ಬೆಳದು ಬೆರಳು ಒಡೀತದ. ಬೀಜಕ್ಕಂತ ಒಂದೇ ಒಂದು ಬಿಟ್ಟಿದ್ದೆ. ಬುಡಸಮೇತ ಕಿತ್ತು ತಂದೀರಲ್ರಿ!"

"ಪುಂಡಿಪಲ್ಯ ರೀ ಸರ್!" ಎಂದು ಹಿಂದಿನ ಸಾಲಿನ ಹೊಲದ ಹೆಂಗಸರೂ ಕೂಗಿದರು. ಅಂಗಳಕ್ಕೆ ಅಂಗಳವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ದೇವಿಂದ್ರ ಅಳಬೇಕೋ ನಗಬೇಕೋ ತಿಳಿಯದೆ ಬಾಯಲ್ಲಿದ್ದ ಎಲೆ ನುಂಗಿದ.

ಸಾಹೇಬರು ಮಾತ್ರ ನಗಲಿಲ್ಲ. ನೆಟ್ಟಗೆ ನಿಂತು ಅವನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣು ಹನಿಗೂಡಿತ್ತು.

"ನಗಬೇಡಿ. ನನ್ನ ಹದಿನೆಂಟು ವರ್ಷದ ನೌಕರಿಯಲ್ಲಿ ತನ್ನ ಮೇಲೆ ತಾನೇ ದೂರು ಹೇಳಿದ ಮನುಷ್ಯನನ್ನು ನಾನು ನೋಡಿಲ್ಲ. ಇಂಥವರು ಈ ಊರಿನ ಹೆಮ್ಮೆ!"

ಚಪ್ಪಾಳೆ ಬಿತ್ತು. ದುರ್ಗಾದೇವಿಯ ಮುಖದ ಸಿಟ್ಟು ಕರಗಿ, ಕತ್ತು ಒಂದು ಅಂಗುಲ ಮೇಲೇರಿತು. ದೇವಿಂದ್ರನ ಎದೆಯೂ ಹಳೆಯ ಜಾಗಕ್ಕೆ ಬಂತು.

"ಈಗಿನಿಂದ ನಮ್ಮ ಠಾಣೆಯ ಪ್ರತಿಯೊಂದು ಗಾಂಜಾ ಕೇಸಿಗೂ ದೇವಿಂದ್ರ ಅವರೇ ಪಂಚರು! ನಾವು ಹಿಡಿದದ್ದನ್ನು ಕಣ್ಣಾರೆ ನೋಡಿ ಸಹಿ ಹಾಕಿ, ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು. ಅದಕ್ಕೆ ಸರ್ಕಾರಿ ನೌಕರರೇ ಬೇಕು. ಬೆಳಿಗ್ಗೆಯಿಂದ ಹುಡುಕುತ್ತಿದ್ದೇನೆ. ಕೇಳಿದವರಿಗೆಲ್ಲ ಒಮ್ಮೆಲೇ ಭೇದಿ ಹತ್ತಿದೆ. ಇವತ್ತೇ ಶುರು. ಇಲ್ಲೊಂದು ಒಪ್ಪಿಗೆ ಪತ್ರ ಇದೆ, ಸಹಿ ಮಾಡಿ."

ಮತ್ತೆ ಚಪ್ಪಾಳೆ. ಕಂಬದ ಮರೆಯಿಂದ ಯೂನುಸ ಹತ್ತಿರ ಬಂದು ಕಿವಿಯಲ್ಲಿ ಉಸುರಿದ.

"ಭಾಯ್, ನಮ್ಮ ಮಾಮಾನೂ ಒಮ್ಮೆ ಪಂಚನಾಮಿಗೆ ಸಹಿ ಮಾಡಿದ್ದ. ಒಂದೇ ಒಂದು ಕೇಸಿಗೆ. ಸಿಕ್ಕಾಂವ ಜಾಮೀನ್ ಮ್ಯಾಲೆ ಹೊರಗ ಬಂದ, ಶಾದಿ ಆದ, ಎರಡು ಮಕ್ಕಳಾದವು. ಮಾಮಾ ಇನ್ನೂ ಯಾದಗಿರಿ ಕೋರ್ಟಿಗೆ ತಿರುಗಾಡಾಕತ್ತಾನ."

"ಎಷ್ಟು ವರ್ಷ ಆತು?"

"ಮೊನ್ನಿಗೆ ಹನ್ನೊಂದು."

ದೇವಿಂದ್ರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗಿಡ ಗಾಂಜಾ ಆಗಿದ್ದರೆ ಹತ್ತಕ್ಕೇ ಮುಗಿಯುತ್ತಿತ್ತು. ಕಾಲುಗಳು ಮೆಲ್ಲಗೆ ವೇದಿಕೆಯ ಮೆಟ್ಟಿಲ ಕಡೆ ಹೊರಳಿದವು.

ಅಲ್ಲಿ ದುರ್ಗಾದೇವಿ ನಿಂತಿದ್ದಳು. ಸಾಹೇಬರ ಪೆನ್ನನ್ನು ಸೆರಗಿನಲ್ಲಿ ಒರೆಸಿ, ಊರೆಲ್ಲ ನೋಡುವಂತೆ ಗಂಡನ ಕೈಯಲ್ಲಿಟ್ಟಳು.

"ಚಂದಾಗಿ ಮಾಡ್ರಿ. ಎಲ್ಲಾರೂ ನೋಡಾಕತ್ತಾರ."